ಮುನ್ನೂರ ಹನ್ನೆರಡು ಉಸಿರು

ಮಾರ್ಚ್ ೧೨, ಮಂಗಳವಾರ
ಮಧ್ಯಾಹ್ನ ಒಂದೂಕಾಲು

ಪ್ರೀತಿಯ ಟಿಕ್ಕಿ,

ನಿನಗೂ ಅಳಿಯಂದಿರಿಗೂ ನನ್ನ ಮೊಮ್ಮಗಳು ಸಣ್ಣವಳಿಗೂ ಅಪ್ಪನ ಆಶೀರ್ವಾದ. ನಾನಿಲ್ಲಿ ಸೌಖ್ಯ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದು ಇಟ್ಟುಕೋ. ನೀನು ನವೆಂಬರಿನಲ್ಲಿ ಕೇಳಿದ್ದನ್ನು ಮಾರ್ಚಿನಲ್ಲಿ ಕಳಿಸುತ್ತಿದ್ದೇನೆ. ಕೇಳಿದವರಿಗೆಲ್ಲ ನಾಲ್ಕು ದಿನದಲ್ಲಿ ಹಾಡು ಮಾಡಿ ಕೊಟ್ಟು ಅಭ್ಯಾಸವಿರುವ ಮನುಷ್ಯ, ಹೆತ್ತ ಮಗಳನ್ನು ನಾಲ್ಕು ತಿಂಗಳು ಕಾಯಿಸಿದ. ಇದಕ್ಕೆ ಕೆಲಸದ ನೆಪ ಹೇಳಿದರೆ ನೀನು ನಂಬುವುದಿಲ್ಲ. ನಂಬಲೂ ಬೇಡ.

ಹೋದ ವಾರ ಮೆಟ್ಟಿಲು ಹತ್ತುತ್ತಾ ನೀನು ಕಳಿಸಿದ ಧ್ವನಿ ಸಂದೇಶ ತಲುಪಿತು. "ಅಪ್ಪಾ, ಲಿಫ್ಟ್ ಮತ್ತೆ ಕೆಟ್ಟಿದೆ, ನಾಲ್ಕನೇ ಮಹಡಿ ಹತ್ತೋದ್ರೊಳಗೆ ನಿನ್ನ ಬೈದು ಮುಗಿಸ್ತೀನಿ" ಎಂದು ಶುರು ಮಾಡಿದವಳು, ಬಾಗಿಲಿನ ಬೀಗ ತೆಗೆಯುವ ಹೊತ್ತಿಗೆ ಸರಿಯಾಗಿ ಮುಗಿಸಿದೆ. ತಾಳ ತಪ್ಪಲಿಲ್ಲ. ಅದನ್ನು ಹನ್ನೊಂದು ಸಲ ಕೇಳಿದೆ. ಬೈಸಿಕೊಳ್ಳುವ ಆಸೆಯಿಂದಲ್ಲ. ಎರಡು ತಿಂಗಳಿಂದ ನೆಗಡಿ ಬಿಟ್ಟಿಲ್ಲ ಎಂದೆಯಲ್ಲ, ಇನ್ನೂ ಇದೆಯೇ?

ಫೋನ್ ಇರುವಾಗ ಕಾಗದ ಯಾಕೆ ಎಂದರೆ, ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ತಮಾಷೆ ಬರುತ್ತದೆ. ಭಾನುವಾರದಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನನ್ನ ಮಂಡಿನೋವು, ಸಣ್ಣವಳ ಅಲ್ಲಾಡುವ ಹಲ್ಲು, ಬಿಸಿಲು ಎಂದು ಮಾತಾಡಿ ಇಟ್ಟುಬಿಟ್ಟೆ. ನಿನಗೂ ಅನುಮಾನ ಬಂದಿರಬೇಕು. "ಅಪ್ಪಾ, ದುಡ್ಡೇನಾದ್ರೂ ಬೇಕಿತ್ತಾ?" ಎಂದು ಕೇಳಿದೆ. ದುಡ್ಡು ಬೇಡ ಕಣೇ.

ನನ್ನ ಕೋಣೆ ನೀನು ಮೂರು ವರ್ಷದ ಹಿಂದೆ ನೋಡಿದ ಹಾಗೆಯೇ ಇದೆ. ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಳೇ ಹಾಸಿಗೆಗಳು, ಕಿಟಕಿಗೆ ಮೂರು ಪದರ ಕಂಬಳಿ, ನಡುವೆ ಒಂದು ಮೈಕು, ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ನಾನು. ಹೊಸದೆಂದರೆ, ಕೆಳಗಿನ ಮಳಿಗೆಗೆ ಹಲ್ಲಿನ ಡಾಕ್ಟರು ಬಂದಿದ್ದಾರೆ. ಅವರು ಹಲ್ಲು ಕೊರೆಯುವ ಯಂತ್ರದ ಕಿರ್ರೆನ್ನುವ ಶಬ್ದ ಎಷ್ಟು ಹಾಸಿಗೆ ಅಡ್ಡ ಹಾಕಿದರೂ ನಿಲ್ಲುವುದಿಲ್ಲ. ಆದ್ದರಿಂದ ಒಂದರಿಂದ ಮೂರರವರೆಗೆ, ಅವರು ಊಟ ಮಾಡಿ ರೋಗಿಗಳ ಕುರ್ಚಿಯಲ್ಲೇ ಕಾಲು ಚಾಚಿ ಮಲಗಿದಾಗ, ನಾನು ರೆಕಾರ್ಡಿಂಗ್ ಮಾಡುತ್ತೇನೆ. "ನಿಮ್ಮ ಹೊಟ್ಟೆಪಾಡು ನನ್ನ ನಿದ್ದೆ ಮೇಲೆ ನಿಂತಿದೆ ನೋಡಿ ಸರ್" ಎಂದು ನಗುತ್ತಾರೆ. ಒಳ್ಳೆಯ ಮನುಷ್ಯ. ಈಗಲೂ ಅವರು ಮಲಗಿರುವ ಹೊತ್ತು, ಅದಕ್ಕೇ ಬರೆಯಲು ಕೂತಿದ್ದೇನೆ.

ಹೊಟ್ಟೆಪಾಡಿನ ವಿಷಯ ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಇವತ್ತು ಹೇಳಲೇಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಸೋಪಿನ ಜಾಹೀರಾತು, ಶಾಲೆಗಳ ವಾರ್ಷಿಕೋತ್ಸವದ ಹಾಡು, ಬಿಡುಗಡೆಯ ಯೋಗವಿಲ್ಲದ ಸಿನಿಮಾಗಳು, ಇವೆಲ್ಲ ನಿಂತು ಎರಡು ವರ್ಷವಾಯಿತು. ಈಗ ಹಾಡು ಬೇಕಾದವರು ಕಂಪ್ಯೂಟರಿಗೆ ಎರಡು ಸಾಲು ಬರೆದು ಹಾಕುತ್ತಾರೆ. ಅದು ಕಾಫಿ ಆರುವುದರೊಳಗೆ ರಾಗ, ವಾದ್ಯ, ಗಾಯಕಿ ಎಲ್ಲವನ್ನೂ ಸೇರಿಸಿ ಹಾಡು ಕೊಡುತ್ತದೆ. ಚೆನ್ನಾಗಿಯೇ ಇರುತ್ತದೆ, ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಬಾರದು. ತೊಂದರೆ ಒಂದೇ, ಆ ಗಾಯಕಿ ಉಸಿರಾಡುವುದಿಲ್ಲ. ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಆ ಏನೋ ಒಂದನ್ನು ಸರಿಪಡಿಸುವುದು ನನ್ನ ಕೆಲಸ.

ಕೆಲಸ ಕೊಡುವವನನ್ನು ನಾನು ಟೈ ಎಂದು ಕರೆಯುತ್ತೇನೆ. ಪರದೆಯ ಮೇಲೆ ಯಾವಾಗಲೂ ಟೈ ಕಟ್ಟಿಕೊಂಡೇ ಕಾಣಿಸುತ್ತಾನೆ. ಒಮ್ಮೆ ಚಾರ್ಜರ್ ತರಲು ಎದ್ದಾಗ ಕೆಳಗೆ ಬರೀ ಚಡ್ಡಿ ಇತ್ತು. ವಾರಕ್ಕೆ ನಲವತ್ತು ಹಾಡು ಕಳಿಸಿ "ಸರ್, ಇವಕ್ಕೆ ಸ್ವಲ್ಪ ಜೀವ ತುಂಬಿಕೊಡಿ" ಅನ್ನುತ್ತಾನೆ. ಸಾಲು ಸಾಲಿನ ನಡುವೆ ನಾನು ಉಸಿರು ಅಂಟಿಸುತ್ತೇನೆ. ಒಂದು ಸಾಲನ್ನು ಕೂದಲೆಳೆಯಷ್ಟು ತಡ ಮಾಡುತ್ತೇನೆ. ಎಲ್ಲೋ ಒಂದು ಕಡೆ ಕುರ್ಚಿ ಕಿರುಗುಟ್ಟಿಸುತ್ತೇನೆ. ಮೂವತ್ತೈದು ವರ್ಷ ಹಾಡುಗಳಿಂದ ಗುಡಿಸಿ ಆಚೆ ಹಾಕಿದ ಕಸವನ್ನೇ ಈಗ ವಾಪಸು ತುಂಬಿ ಹೊಟ್ಟೆ ಹೊರೆಯುತ್ತಿದ್ದೇನೆ.

ಆ ಉಸಿರು ಯಾರದು ಎಂದು ನೀನು ಕೇಳುತ್ತೀಯ. ನಿಮ್ಮಮ್ಮನದು.

ನವೆಂಬರಿನಲ್ಲಿ ಸಣ್ಣವಳು ಹಟ ಹಿಡಿದಳು, "ನಿಮ್ಮಮ್ಮ ಹೇಗ್ ಮಾತಾಡ್ತಿದ್ರು, ಕೇಳಿಸು" ಎಂದು ಅತ್ತಳು ಎಂದು ನೀನು ಫೋನ್ ಮಾಡಿದೆ. "ಅಪ್ಪಾ, ಒಂದೇ ಒಂದು ಹಾಡು ಸಾಕು. ರೆಕಾರ್ಡಿಂಗ್ ಮಾಡೋನು ನೀನು, ನಿನ್ನ ಹತ್ರ ಇಲ್ದೆ ಇನ್ಯಾರ ಹತ್ರ ಇರತ್ತೆ?" ಎಂದೆ. ನಾನು ಹೂಂ ಎಂದೆ. ಇಲ್ಲ ಎಂದು ಗೊತ್ತಿದ್ದೂ ಹೂಂ ಎಂದೆ. ಮಗಳು ತಾಯಿಯ ದನಿ ಕೇಳಿದಾಗ ಇಲ್ಲ ಅನ್ನಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ?

ನಿಮ್ಮಮ್ಮ ಟ್ರ್ಯಾಕ್ ಹಾಡುತ್ತಿದ್ದಳು ಎನ್ನುವುದು ನಿನಗೆ ಗೊತ್ತು. ಹಾಗೆಂದರೆ ಏನು ಎಂದು ನಾನು ಯಾವತ್ತೂ ಬಿಡಿಸಿ ಹೇಳಲಿಲ್ಲ. ದೊಡ್ಡ ಗಾಯಕಿಯರಿಗೆ ಕೂತು ಕಲಿಯುವಷ್ಟು ಪುರುಸೊತ್ತು ಇರುವುದಿಲ್ಲ. ಅವರು ಬರುವ ಮೊದಲು ಇನ್ನೊಬ್ಬಳು ಹಾಡನ್ನು ಪೂರ್ತಿ ಹಾಡಿಟ್ಟಿರಬೇಕು. ಅವರು ಬಂದು, ಅದನ್ನು ಕಿವಿಯಲ್ಲಿ ಕೇಳಿಕೊಳ್ಳುತ್ತಾ, ಅದೇ ಗಮಕ, ಅದೇ ನಿಲುಗಡೆ ಹಿಡಿದು ಹಾಡಿ ಹೋಗುತ್ತಾರೆ. ಆಮೇಲೆ ಮೊದಲು ಹಾಡಿದವಳನ್ನು ಅಳಿಸಬೇಕು. ಅದು ಕಸುಬಿನ ಕಟ್ಟಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ ಎಲ್ಲರಿಗೂ. ಒಬ್ಬ ಗಾಯಕಿಯ ಅಣ್ಣನಂತೂ ನನ್ನ ಬೆನ್ನ ಹಿಂದೆಯೇ ನಿಂತು "ಅಳಿಸಿದ್ರಾ? ಕಂಪ್ಯೂಟರಿನ ಕಸದ ಬುಟ್ಟೀನೂ ಖಾಲಿ ಮಾಡಿದ್ರಾ?" ಎಂದು ಕಣ್ಣಾರೆ ನೋಡಿಯೇ ಹೊರಡುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ನಿಮ್ಮಮ್ಮ ಅದಕ್ಕೆ ಬೇಜಾರು ಮಾಡಿಕೊಂಡದ್ದನ್ನು ನಾನು ಕಾಣೆ. ಚಪ್ಪಲಿ ಹಾಕಿಕೊಳ್ಳುತ್ತಾ "ಅಳಿಸಿ ಆಯ್ತಾ? ಏಳಿ ಮತ್ತೆ, ಟಿಕ್ಕಿ ಸ್ಕೂಲು ಬಿಡೋ ಹೊತ್ತಾಯ್ತು" ಅನ್ನುವಳು. ನಾನೂರಕ್ಕೂ ಹೆಚ್ಚು ಹಾಡು ಹಾಡಿದಳು. ನಾನೂರನ್ನೂ ನನ್ನ ಈ ಬಲಗೈ ಬೆರಳೇ ಅಳಿಸಿತು. ನೀನು ಅವಳ ತೊಡೆಯ ಮೇಲೆ ಕೂತು, ತಾಳದ ಯಂತ್ರದ ಜೊತೆ ನಾಲಿಗೆಯಲ್ಲಿ ಟಿಕ್ ಟಿಕ್ ಎಂದು ಲೊಚಗುಟ್ಟಿ ಹಾಳು ಮಾಡಿದ ಟೇಕುಗಳು ಎಷ್ಟೋ. ಟಿಕ್ಕಿ ಎಂದು ನಿನಗೆ ಹೆಸರು ಬಿದ್ದದ್ದೇ ಹಾಗೆ. ಅವನ್ನು ಯಾರೂ ಅಳಿಸು ಎಂದಿರಲಿಲ್ಲ, ಜಾಗ ಉಳಿಯಲಿ ಎಂದು ನಾನೇ ಅಳಿಸಿದೆ. ಅವು ಇದ್ದಿದ್ದರೆ ಸಾಕಿತ್ತು.

ಹಾಗಂತ ಹುಡುಕದೆ ಬಿಡಲಿಲ್ಲ. ಹಳೇ ಹಾರ್ಡ್ ಡಿಸ್ಕುಗಳು ಹದಿನಾಲ್ಕು, ಅವುಗಳಲ್ಲಿ ಒಂಬತ್ತು ತಿರುಗಲೇ ಇಲ್ಲ. ನಮ್ಮ ಮದುವೆಯ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು. ಒರೆಸಿ ಹಾಕಿದರೆ ಬರೀ ನಿನ್ನ ಸೋದರಮಾವನ ಕೆಮ್ಮು. ಟೈ ಒಂದು ದಾರಿ ಹೇಳಿದ. "ಐದು ನಿಮಿಷ ವಾಯ್ಸ್ ಇದ್ರೆ ಸಾಕು ಸರ್, ಮೇಡಮ್ಮೇ ಮಾತಾಡ್ತಾರೆ, ನೀವೇ ಗುರುತು ಹಿಡಿಯಲ್ಲ" ಎಂದ. ನನ್ನ ಹತ್ತಿರ ಇದ್ದದ್ದು ಉಸಿರು ಮಾತ್ರ. ನಾಚಿಕೆ ಬಿಟ್ಟು ಅದನ್ನೇ ಕೊಟ್ಟೆ. ಯಂತ್ರ ಮಾತಾಡಿತು ಟಿಕ್ಕಿ. ರೈಲು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳುವ ಹೆಂಗಸಿನ ದನಿಯಲ್ಲಿ ನನ್ನನ್ನು "ಹೇಗಿದ್ದೀರಿ" ಎಂದು ಕೇಳಿತು. ಅಳಿಸಿಬಿಟ್ಟೆ. ಅಳಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಉಸಿರು ಮಾತ್ರ ಯಾಕೆ ಉಳಿಯಿತು ಎಂದರೆ ಅದೂ ಕಸುಬಿನ ಗುಟ್ಟೇ. ಒಬ್ಬ ಗಾಯಕಿಯ ಎರಡು ಟೇಕುಗಳನ್ನು ಕತ್ತರಿಸಿ ಜೋಡಿಸಿದಾಗ ಜೋಡಣೆಯ ಗಾಯ ಕೇಳಿಸುತ್ತದೆ. ಅದರ ಮೇಲೆ ಒಂದು ಉಸಿರು ಅಂಟಿಸಿದರೆ ಮುಚ್ಚಿಹೋಗುತ್ತದೆ. ನಿಮ್ಮಮ್ಮನ ಉಸಿರು ಯಾರ ಗಂಟಲಿಗೂ ಒಗ್ಗುತ್ತಿತ್ತು. ಹಾಗಾಗಿ ಅಳಿಸುವ ಮೊದಲು ಎಷ್ಟೋ ಹಾಡುಗಳಿಂದ ಒಂದೆರಡು ಒಳ್ಳೆಯ ಉಸಿರು ಕತ್ತರಿಸಿ, ತಾರೀಖು ಹಾಕಿ, ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅವಳಿಗೂ ಗೊತ್ತಿತ್ತು. "ನನ್ನ ಹಾಡು ಯಾರಿಗೂ ಬೇಡ, ಉಸಿರು ಎಲ್ಲರಿಗೂ ಬೇಕು" ಎಂದು ನಗುತ್ತಿದ್ದಳು. ನೀನು ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳುವ ಎಷ್ಟೋ ಹಾಡುಗಳಲ್ಲಿ, ಬೇರೆ ಯಾರೋ ಹಾಡುವ ಎರಡು ಸಾಲುಗಳ ನಡುವೆ, ಉಸಿರೆಳೆದುಕೊಳ್ಳುವವಳು ನಿಮ್ಮಮ್ಮ. ನಿನಗೆ ಒಂಬತ್ತು ವರ್ಷ ಇದ್ದಾಗ ಹೋದವಳು ಇಪ್ಪತ್ತೆರಡು ವರ್ಷ ಹೀಗೆ ನನಗೆ ಊಟ ಹಾಕಿದ್ದಾಳೆ.

ಹೋದ ಬುಧವಾರ ಕೂತು, ಆ ಫೋಲ್ಡರಿನಲ್ಲಿರುವ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದರ ಹಿಂದೆ ಒಂದು ಜೋಡಿಸಿದೆ. ಒಟ್ಟು ಮುನ್ನೂರ ಹನ್ನೆರಡು. ಮೂರು ನಿಮಿಷ ಮೂವತ್ತೆಂಟು ಸೆಕೆಂಡು ಬಂತು, ಸರಿಯಾಗಿ ಒಂದು ಹಾಡಿನ ಉದ್ದ. ಈ ಕಾಗದದ ಜೊತೆ ಇರುವ ಪೆನ್‌ಡ್ರೈವಿನಲ್ಲಿ ಅದೊಂದೇ ಇದೆ. ನಿನಗೆ ಮೂರು ವರ್ಷ ಆದಾಗಿನಿಂದ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಮೊದಮೊದಲು ಕತ್ತರಿಸುವುದು ನನಗೆ ಅಷ್ಟು ಪಳಗಿರಲಿಲ್ಲ, ಅಲ್ಲಲ್ಲಿ ಬಳೆಯ ಸದ್ದು ಉಳಿದಿದೆ. ಒಂದು ಕಡೆ ನೀನು ಸೀನಿದ್ದೀಯ. ಕೊನೆಯ ನಲವತ್ತೆರಡು ಬಹಳ ಸ್ವಚ್ಛವಾಗಿವೆ. ನಾನು ಹೆಚ್ಚು ಬಳಸಿದ್ದೂ ಅವನ್ನೇ.

ಸರಿಯಾಗಿ ಮೂರನೇ ನಿಮಿಷಕ್ಕೆ, ಇನ್ನೂರ ಐವತ್ತೆಂಟನೆಯ ಉಸಿರಿನ ಬಾಲದಲ್ಲಿ, ಕತ್ತರಿ ಕೂದಲೆಳೆಯಷ್ಟು ಆಚೆ ಬಿದ್ದಿದೆ. ಉಸಿರು ಮುಗಿದು ಒಂದು ಮಾತು ಶುರುವಾಗುತ್ತದೆ. "ರೀ" ಅನ್ನುತ್ತಾಳೆ. ಅಷ್ಟೇ. ನಿಮ್ಮಮ್ಮನ ದನಿ ಈ ಭೂಮಿಯ ಮೇಲೆ ಉಳಿದಿರುವುದು ಆ ಒಂದಕ್ಷರದಷ್ಟು. ಸಣ್ಣವಳಿಗೆ ಅದನ್ನು ಕೇಳಿಸು. ಅಜ್ಜಿ ಅಜ್ಜನನ್ನು ಕರೆಯುತ್ತಿದ್ದದ್ದು ಹೀಗೆ ಎಂದು ಹೇಳು. ಅವಳಿಗೆ ನಗು ಬರುತ್ತದೆ, ಬರಲಿ.

ಇನ್ನೊಂದು ಸುದ್ದಿ. ಟೈ ನಿನ್ನೆ ಫೋನ್ ಮಾಡಿದ್ದ. ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯಿತು. "ಬೇಜಾರು ಮಾಡ್ಕೋಬೇಡಿ ಸರ್, ಮಿಷನ್ ಈಗ ತಾನೇ ಉಸಿರಾಡೋದು ಕಲ್ತಿದೆ" ಎಂದ. ಯಾರಿಂದ ಕಲಿಯಿತಪ್ಪಾ ಎಂದೆ. "ನೀವು ಎರಡು ವರ್ಷ ಕಳಿಸಿದ್ದ ಫೈಲುಗಳೇ ಇದ್ವಲ್ಲ ಸರ್. ತುಂಬಾ ಕ್ಲೀನಾಗಿತ್ತು" ಎಂದ. ಒಳ್ಳೆಯದಾಗಲಿ ಎಂದು ಇಟ್ಟೆ. ಜಗಳವಾಡುವ ಚೈತನ್ಯ ಇರಲಿಲ್ಲ. ಜಗಳವಾಡಿ ಏನೆಂದು ಕೇಳಲಿ? ನನ್ನ ಹೆಂಡತಿಯ ಉಸಿರು ವಾಪಸು ಕೊಡು ಎಂದೇ?

ಮನೆ ಓನರಮ್ಮನಿಗೆ ಕೋಣೆ ಬಿಡುತ್ತೇನೆ ಎಂದು ಹೇಳಿದ್ದೇನೆ. ಹಲ್ಲಿನ ಡಾಕ್ಟರು ಹಾಸಿಗೆಗಳನ್ನು ಕೊಳ್ಳುತ್ತಾರಂತೆ, ಅವರ ರೋಗಿಗಳು ಕಿರುಚುವುದು ಬೀದಿಗೆ ಕೇಳಿಸದ ಹಾಗೆ. ಮೈಕನ್ನು ಮಾತ್ರ ಮಾರುವುದಿಲ್ಲ. ನಿಮ್ಮಮ್ಮ ಹಾಡಿದ್ದು ಅದರ ಮುಂದೆಯೇ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಅವರು ಮಾತು ಕಮ್ಮಿ ಎಂದು ನಿನ್ನ ದೂರು. ಇರಲಿ ಬಿಡು, ಮನೆಯಲ್ಲಿ ಒಬ್ಬರಾದರೂ ಕೇಳಿಸಿಕೊಳ್ಳುವವರು ಬೇಕು. ಸಣ್ಣವಳ ಹಲ್ಲು ಬಿದ್ದರೆ ಎತ್ತಿಡಿ, ನನಗೆ ನೋಡಬೇಕು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನೆಗಡಿಯಲ್ಲಿ ತಣ್ಣೀರು ಕುಡಿಯಬೇಡ. ನೂರು ವರ್ಷ ಬಾಳು, ನನ್ನನ್ನು ಬೈಯುತ್ತಲೇ ಬಾಳು.

ಇಂತಿ,
ನಿನ್ನ ಅಪ್ಪ

ತಾ.ಕ.: ಟಿಕ್ಕಿ, ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಕಾಗದ ಹಿಡಿದು ಕೂತದ್ದೇ ಇದಕ್ಕೆ. ಊರೆಲ್ಲ ಸುತ್ತಿ, ಸಹಿಯನ್ನೂ ಹಾಕಿ, ಈಗ ಹಾಳೆಯ ಹಿಂಬದಿಗೆ ಬಂದಿದ್ದೇನೆ.

ಪೆನ್‌ಡ್ರೈವ್ ಹಾಕಿದಾಗ ಎರಡು ನಿಮಿಷ ನಲವತ್ತೆಂಟು ಸೆಕೆಂಡಿನಿಂದ ಮುಂದಕ್ಕೆ ಕಿವಿಗೊಟ್ಟು ಕೇಳು. ಉಸಿರು ಒಳಗೆ ಹೋಗುವ ಕೊನೆಯಲ್ಲಿ ಒಂದು ಸಣ್ಣ ಶಿಳ್ಳೆ ಇದೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಇನ್ನೂರ ನಲವತ್ತೊಂದನೆಯದರಲ್ಲಿ ಶುರುವಾಗಿ ಇನ್ನೂರ ಎಪ್ಪತ್ತರವರೆಗೆ ಹೆಚ್ಚುತ್ತಾ ಹೋಗುತ್ತದೆ. ಇನ್ನೂರ ಎಪ್ಪತ್ತೊಂದರಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕೇಳಿದವರಿಗೆ ಅವಳಿಗೆ ಗುಣವಾಯಿತು ಅನ್ನಿಸುತ್ತದೆ. ಗುಣವಾಗಲಿಲ್ಲ. ಆ ಶಿಳ್ಳೆಯನ್ನು ತೆಗೆಯುವುದು ಹೇಗೆ ಎಂದು ನಾನು ಅಷ್ಟರಲ್ಲಿ ಕಲಿತಿದ್ದೆ.

ಮೊದಲ ಸಲ ಕೇಳಿದಾಗ ಕೇಬಲ್ ಕೆಟ್ಟಿದೆ ಎಂದುಕೊಂಡೆ. ಬದಲಾಯಿಸಿದೆ. ಮೈಕು ಬಿಚ್ಚಿ ಒರೆಸಿದೆ. ಫ್ಯಾನ್ ಆರಿಸಿದೆ, ಕಿಟಕಿಗೆ ಎರಡನೇ ಕಂಬಳಿ ಹಾಕಿದೆ, ಮೂರನೆಯದನ್ನೂ ಹಾಕಿದೆ. ಆ ಕಂಬಳಿಗಳು ಇವತ್ತಿಗೂ ಅಲ್ಲೇ ಇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕಿವಿಯೇ ಕಸುಬಾದವನು, ಕೇಬಲ್ ಡೊಂಕು ಎಂದೆ. ಎಲ್ಲ ಬದಲಾಯಿಸಿದರೂ ಹೋಗದಿದ್ದಾಗ ಕಂಪ್ಯೂಟರಿನಲ್ಲಿ ಆ ಶಬ್ದವನ್ನು ಹುಡುಕಿ ಹಿಡಿದು, ಅದೊಂದನ್ನೇ ಕಿತ್ತು ಹಾಕಿದೆ. ಎಷ್ಟು ಸ್ವಚ್ಛವಾಯಿತು ಎಂದು ಅವಳನ್ನೇ ಕರೆದು ಹೆಡ್‌ಫೋನಿನಲ್ಲಿ ಕೇಳಿಸಿದೆ. ಹೆಮ್ಮೆಯಿಂದ ಕೇಳಿಸಿದೆ ಟಿಕ್ಕಿ. ಅವಳು "ಚೆನ್ನಾಗಿದೆ" ಎಂದಳು.

ಆ ಇನ್ನೂರ ನಲವತ್ತೊಂದರ ಮೇಲಿನ ತಾರೀಖು, ನಾವು ಮೊದಲ ಸಲ ಆಸ್ಪತ್ರೆಗೆ ಹೋದ ದಿನಕ್ಕಿಂತ ಹದಿನಾಲ್ಕು ತಿಂಗಳು ಹಿಂದಿನದು. ಗಾಳಿಕೊಳವೆಯಲ್ಲಿ ಗಂಟು ಬೆಳೆದಿದೆ, ಒಂದು ವರ್ಷ ಮುಂಚೆ ಬಂದಿದ್ದರೆ ತೆಗೆಯಬಹುದಿತ್ತು ಎಂದರು. "ಉಸಿರು ತಗೊಂಡಾಗ ಶಿಳ್ಳೆ ಹೊಡೆದ ಹಾಗೆ ಆಗ್ತಿರಲಿಲ್ವಾ? ಯಾರೂ ಗಮನಿಸಲಿಲ್ವಾ?" ಎಂದು ಡಾಕ್ಟರು ನನ್ನ ಮುಖ ನೋಡಿಯೇ ಕೇಳಿದರು. ಇಲ್ಲ ಎಂದೆ. ಯಾವ ಸೂಚನೆಯೂ ಇರಲಿಲ್ಲ ಎಂದು ನಿನಗೂ ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದೆ. ಆ ಫೋಲ್ಡರಿನಲ್ಲಿ ಕೊನೆಯ ನಲವತ್ತೆರಡನ್ನು ಬಿಟ್ಟು ಹಿಂದಿನವನ್ನು ಅವತ್ತಿನಿಂದ ಹೋದ ಬುಧವಾರದವರೆಗೆ ತೆರೆಯಲೇ ಇಲ್ಲ. ನಿನ್ನನ್ನು ನಾಲ್ಕು ತಿಂಗಳು ಕಾಯಿಸಿದ್ದೂ ಅದಕ್ಕೇ.

ಆ "ರೀ" ಆದಮೇಲೆ ಅವಳು ಏನೆಂದಳು ಎನ್ನುವುದು ನನಗೆ ನೆನಪಿದೆ. "ರೀ, ಉಸಿರು ಪೂರ್ತಿ ಒಳಗೆ ಹೋಗ್ತಾನೇ ಇಲ್ಲ ಕಣ್ರೀ" ಎಂದಳು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಕೇಬಲ್ ಬದಲಾಯಿಸಿದೀನಿ, ಈಗ ಆ ಶಬ್ದ ಬರಲ್ಲ, ನೀನು ಹಾಡು" ಎಂದೆ. ಹಾಡಿದಳು. ನಾನು ಉಸಿರನ್ನು ಇಟ್ಟುಕೊಂಡು ಮಾತನ್ನು ಕತ್ತರಿಸಿದೆ.

ಈಗ ನಿನ್ನ ವಿಷಯ. ಹೋದ ಬುಧವಾರ ಇವನ್ನೆಲ್ಲ ಜೋಡಿಸಿ ಕೇಳಿ ಮುಗಿಸಿ, ಹೆಡ್‌ಫೋನ್ ಇನ್ನೂ ಕಿವಿಯಲ್ಲಿದ್ದಾಗಲೇ ನಿನ್ನ ಬೈಗುಳದ ಸಂದೇಶ ಬಂತು. ಎರಡನೇ ಮಹಡಿಯ ಹತ್ತಿರ, "ನಾಲ್ಕು ತಿಂಗಳಾಯ್ತು" ಎನ್ನುವ ಮೊದಲು ಉಸಿರೆಳೆದುಕೊಂಡೆಯಲ್ಲ, ಅಲ್ಲಿ ಆ ಶಿಳ್ಳೆ ಇದೆ. "ಸಣ್ಣವಳಿಗೆ ಏನ್ ಹೇಳ್ಲಿ" ಎನ್ನುವ ಮೊದಲೂ ಇದೆ. ಹನ್ನೊಂದು ಸಲ ಕೇಳಿದ್ದು ಅದನ್ನೇ. ಮೆಟ್ಟಿಲು ಹತ್ತಿದ ಏದುಸಿರು ನನಗೆ ಗೊತ್ತು, ಇದು ಅದಲ್ಲ. ಬಾಗಿಲ ಮುಂದೆ ನಿಂತು ಬೀಗದ ಕೈ ಹುಡುಕುವಾಗಲೂ ಇದೆ.

ನಿನ್ನೆ ಹಲ್ಲಿನ ಡಾಕ್ಟರನ್ನು ಎಬ್ಬಿಸಿ ಮೇಲೆ ಕರೆತಂದು ಕೇಳಿಸಿದೆ. "ಸರ್, ನಾನು ಬಾಯಿಂದ ಕೆಳಗೆ ಇಳಿಯೋನಲ್ಲ" ಎಂದು ನಕ್ಕರು. ಇನ್ನೊಮ್ಮೆ ಹಾಕಿ ಎಂದರು. ಮೂರನೇ ಸಲ ಕೇಳಿ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. "ಮಗಳಿಗೆ ಎಷ್ಟು ವಯಸ್ಸು? ಬೇಗ ತೋರಿಸೋಕೆ ಹೇಳಿ" ಎಂದರು. ಒಂದು ದೊಡ್ಡಾಸ್ಪತ್ರೆಯ ವಿಭಾಗದ ಹೆಸರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಪೆನ್‌ಡ್ರೈವಿಗೆ ಸುತ್ತಿರುವುದು ಅದೇ ಚೀಟಿ.

ನೆಗಡಿಯೇ ಇರಬಹುದು. ಫೋನಿನ ದೋಷವೂ ಇರಬಹುದು. ಅವತ್ತೂ ನಾನು ಹಾಗೆಯೇ ಅಂದುಕೊಂಡೆ.

ಕೊರಿಯರಿನವನು ಗುರುವಾರ ಬೆಳಿಗ್ಗೆ ಇದನ್ನು ತಲುಪಿಸುತ್ತಾನೆ. ಓದಿದ ದಿನವೇ ಅಳಿಯಂದಿರನ್ನು ಕರೆದುಕೊಂಡು ಹೋಗು. ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ, ಅದಕ್ಕೆ ಜೀವಮಾನವೇ ಇದೆ, ಇರಬೇಕು. ಶುಕ್ರವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ಲಿಫ್ಟ್ ಇನ್ನೂ ಕೆಟ್ಟಿದ್ದರೆ ನನ್ನನ್ನು ಕರೆಯಲು ಕೆಳಗೆ ಇಳಿಯಬೇಡ. ನಿಧಾನವಾಗಿ ನಾನೇ ಹತ್ತಿ ಬರುತ್ತೇನೆ.